ಎಂಜಿನ್ನಿನ ಬಿಗ್ ಎಂಡ್ ಬೇರಿಂಗು ಕೆಟ್ಟಾಗ ಕಾರಣವನ್ನು ಕಂಡುಹಿಡಿಯುವ ಕ್ರಮ

(ನದೀತೀರದ ಬೇಸಾಯಗಾರರ ಸಭೆಯಲ್ಲಿ ವ್ಯವಸಾಯದ ಇನ್‌ಸ್ಪೆಕ್ಟರು ಮಾಡಿದ ಉಪನ್ಯಾಸ)



ಬೇಸಿಗೆಯ ಬತ್ತವು ಹೊಡೆಯಾಗುವ ಕಾಲದಲ್ಲಿ ನೀರೆತ್ತುವ ಎಂಜಿನ್ನು ನಿಂತುಹೋದರೆ ಉಂಟಾಗುವ ನಷ್ಟವೆಷ್ಟೆಂಬುದನ್ನು ತಮಗೆ ನಾನು ವಿವರಿಸಬೇಕಾದುದಿಲ್ಲ. ಆ ಕಾಲದಲ್ಲಿ ಪೈರಿಗೆ ನೀರು ತಪ್ಪಿದರೆ ತೆನೆಯು ಜೊಳ್ಳಾಗುವುದು. ಗೊಬ್ಬರಕ್ಕೂ ಆಳಿಗೂ ಮಾಡಿದ ಖರ್ಚು ಮಣ್ಣುಪಾಲಾಗುವುದು. ವಿದ್ಯುಚ್ಛಕ್ತಿಯ ತಂತಿಯು ತಲಪದಿರುವ, ಅಥವಾ ತಲಪಿದ್ದಾಗ್ಯೂ ಹೊತ್ತಿಗೆ ಸರಿಯಾಗಿ ಶಕ್ತಿಯು ದೊರೆಯದಿರುವ ನದೀತೀರಗಳಲ್ಲಿ ಡೀಸೆಲ್ ಎಂಜಿನ್ನೇ ಬೇಸಾಯಕ್ಕೆ ಆಧಾರವಾಗಿರುವುದರಿಂದ, ಅದರ ರೋಗಗಳನ್ನು ತಿಳಿದಿರುವುದು ಪೈರಿನ ರೋಗಗಳನ್ನು ತಿಳಿದಿರುವಷ್ಟೇ ಅವಶ್ಯಕವಾಗಿದೆ.

ಈ ರೋಗಗಳಲ್ಲಿ ಹೆಚ್ಚು ಖರ್ಚಿಗೆ ಗುರಿಮಾಡುವವುಗಳಲ್ಲೊಂದು, ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗು, ಎಂದರೆ ಬಿಗ್ ಎಂಡ್ ಬೇರಿಂಗು ಕೆಡುವುದು. ಇದು ಕೆಟ್ಟಾಗ ನಮ್ಮಲ್ಲಿ ನಡೆಯುವ ಪದ್ಧತಿಯೇನೆಂದರೆ, ಪಟ್ಟಣದಿಂದ ಹೊಸ ಬೇರಿಂಗನ್ನು ತರಿಸುವುದು, ಹಳೆಯದನ್ನು ಗುಜರಿಗೆ ಎಸೆಯುವುದು, ಎಂಜಿನ್ನನ್ನು ಪುನಃ ನಡೆಯಿಸುವುದು. ಕೆಲವು ದಿವಸಗಳಲ್ಲಿಯೇ ಹೊಸದೂ ಕೆಡುತ್ತದೆ. ಆಗ ಯಜಮಾನನು ಮೇಸ್ತ್ರಿಯನ್ನೂ, ಮೇಸ್ತ್ರಿಯು ಬೇರಿಂಗು ಮಾರಿದ ಅಂಗಡಿಯವನನ್ನೂ ದೂರುತ್ತಾರೆ. ಆದರೆ ಬೇರಿಂಗು ತಾನಾಗಿಯೇ ಕೆಡುವುದು ಅಪರೂಪ. ಅದನ್ನು ಕೆಡಿಸಿದ ಕಾರಣವು ಬಹುಮಟ್ಟಿಗೆ ಬೇರೆಲ್ಲಿಯೋ ಇರುತ್ತದೆ. ಆ ಕಾರಣವನ್ನು ತೆಗೆಯದೆ ಬೇರಿಂಗನ್ನು ಮಾತ್ರ ಬದಲಾಯಿಸುವುದು, ಬೇರು ಕೊಳೆಯುತ್ತಿರುವ ಗಿಡದ ಒಣಗಿದ ಎಲೆಗಳನ್ನು ಕಿತ್ತು ಸುಮ್ಮನಾದಂತೆಯೇ ಸರಿ. ಕೆಟ್ಟ ಬೇರಿಂಗಿನಿಂದಲೇ ಕಾರಣವನ್ನು ತಿಳಿಯುವುದು ಹೇಗೆಂಬುದೇ ಈ ದಿನದ ನನ್ನ ವಿಷಯ.

ಬೇರಿಂಗಿನ ಕೆಲಸ

ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಕ್ರ್ಯಾಂಕ್ ಷಾಫ್ಟು ಸುತ್ತುತ್ತದೆ. ಇವೆರಡನ್ನೂ ಕೂಡಿಸುವುದು ಕನೆಕ್ಟಿಂಗ್ ರಾಡು. ಇದರ ದಪ್ಪನಾದ ಕೆಳತುದಿಯು ಕ್ರ್ಯಾಂಕ್ ಪಿನ್ನನ್ನು ಅಪ್ಪಿಕೊಂಡಿರುವ ಸ್ಥಳದಲ್ಲಿ ಬೇರಿಂಗು ಎರಡು ಅರ್ಧಗಳಾಗಿ ಕುಳಿತಿರುತ್ತದೆ. ಮೇಲಿನ ಅರ್ಧವು ರಾಡಿನಲ್ಲಿಯೂ, ಕೆಳಗಿನ ಅರ್ಧವು ಕ್ಯಾಪಿನಲ್ಲಿಯೂ ಇದ್ದು, ಎರಡನ್ನೂ ಬೋಲ್ಟುಗಳು ಬಿಗಿದಿಡುತ್ತವೆ. ಇಂಗ್ಲೆಂಡಿನ ಲಿಸ್ಟರ್ ಕಂಪೆನಿಯವರು ಸುಮಾರು ೧೯೩೦ರಲ್ಲಿ ಹೊರತಂದು, ಮುಂದೆ ರಾಜಕೋಟೆಯಲ್ಲಿ ವಿಶೇಷವಾಗಿ ಅನುಕರಿಸಲ್ಪಟ್ಟ ನಿಧಾನಗತಿಯ ಎಂಜಿನ್ನನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಅದರ ೬ ಅಶ್ವಶಕ್ತಿಯ ಮಾದರಿಯು ನಿಮಿಷಕ್ಕೆ ೬೫೦ ಸುತ್ತು ಸುತ್ತುವುದು. ಎರಡು ಸುತ್ತಿಗೆ ಒಂದು ಸಾರಿ ಇಂಧನವು ಉರಿಯುವುದರಿಂದ, ಗಂಟೆಗೆ ೧೯,೫೦೦ ಏಟುಗಳು ಬೇರಿಂಗಿನ ಮೇಲೆ ಬೀಳುತ್ತವೆ. ಒಂದೊಂದು ಏಟಿನ ಭಾರವೂ ಕೆಲವು ಟನ್ನುಗಳಷ್ಟಿರುವುದು.

ಇಷ್ಟು ಭಾರವನ್ನು ಮೆತ್ತನೆಯ ಬಿಳಿಲೋಹವು ತಡೆಯುವುದು ಹೇಗೆ? ಸರಿಯಾಗಿ ನಡೆಯುವ ಬೇರಿಂಗಿನಲ್ಲಿ ಪಿನ್ನು ಲೋಹಕ್ಕೆ ತಗಲುವುದೇ ಇಲ್ಲ. ಎಣ್ಣೆಯ ತೆಳುವಾದ ಪೊರೆಯೊಂದರ ಮೇಲೆ ತೇಲುತ್ತಿರುತ್ತದೆ. ೧೮೮೩ರಲ್ಲಿ ಬೋಷಾಂ ಟವರ್ ಎಂಬ ಆಂಗ್ಲ ಎಂಜಿನಿಯರು ಪರೀಕ್ಷೆ ನಡೆಯಿಸುತ್ತಿರುವಾಗ ಬೇರಿಂಗಿನ ಮೇಲ್ಭಾಗದಲ್ಲಿ ಒಂದು ರಂಧ್ರವನ್ನು ಕೊರೆಯಿಸಲು, ಎಣ್ಣೆಯು ಅದರಿಂದ ಉಕ್ಕಿಬಂದಿತು. ಬಿರಡೆಯಿಟ್ಟರೆ ಬಿರಡೆಯನ್ನೂ, ಮರದ ಬೆಣೆಯಿಟ್ಟರೆ ಬೆಣೆಯನ್ನೂ ಅದು ಹೊರಕ್ಕೆ ತಳ್ಳಿತು. ಸುತ್ತುವ ಷಾಫ್ಟು ಎಣ್ಣೆಯನ್ನು ಇಕ್ಕಟ್ಟಾದ ಸಂದಿಗೆ ಎಳೆದುಕೊಂಡು ಹೋಗಿ, ಬೆಣೆಯಂತೆ ತನ್ನನ್ನು ತಾನೇ ಎತ್ತಿಕೊಳ್ಳುವುದೆಂಬುದನ್ನು ೧೮೮೬ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ಪಂಡಿತರು ಗಣಿತದಿಂದ ಸ್ಥಾಪಿಸಿದರು. ಈ ಪೊರೆಯ ದಪ್ಪವು ಮಿಲಿಮೀಟರಿನ ಸಾವಿರದ ಕೆಲವೇ ಪಾಲುಗಳು. ಇದು ಹರಿದಲ್ಲಿ ಬೇರಿಂಗು ಕೆಡುವುದು. ಆದುದರಿಂದ ಕಾರಣವನ್ನು ಹುಡುಕುವುದೆಂದರೆ, ಪೊರೆಯು ಎಲ್ಲಿ ಹರಿಯಿತು, ಏಕೆ ಹರಿಯಿತು ಎಂಬುದನ್ನು ಹುಡುಕುವುದೇ ಆಗಿದೆ.

ಮುಂಚಿತವಾಗಿ ಕಾಣುವ ಸೂಚನೆಗಳು

ಬೇರಿಂಗು ಸಡಿಲವಾದಾಗ ಎಂಜಿನ್ನಿನ ಕೆಳಭಾಗದಿಂದ ಕೊಡತಿಯಿಂದ ಬಡಿದಂತೆ ಗಡುಸಾದ ಶಬ್ದವು ಕೇಳಿಬರುವುದು. ಭಾರ ಹೆಚ್ಚಾದಾಗ ಈ ಶಬ್ದವು ಹೆಚ್ಚುವುದು. ಇಂಧನವನ್ನು ಕ್ಷಣಕಾಲ ತಡೆದರೆ ಕುಗ್ಗುವುದು. ಆದರೆ ಶಬ್ದವೊಂದನ್ನೇ ನಂಬಿ ನಿರ್ಣಯಿಸಕೂಡದು. ಫ್ಲೈವೀಲಿನ ಕೀಲಿ ಸಡಿಲವಾಗಿದ್ದರೂ ಇಂಥದೇ ಶಬ್ದವು ಬರುವುದು. ಕೀಲಿಯ ಸುತ್ತಲೂ ತುಕ್ಕಿನಂಥ ಕೆಂಪು ಪುಡಿಯು ಕಂಡಲ್ಲಿ ಮೊದಲು ಅದನ್ನು ಸರಿಪಡಿಸತಕ್ಕದ್ದು. ಇಂಧನವು ಹೊತ್ತಿಗೆ ಮುಂಚೆ ಚಿಮ್ಮುತ್ತಿದ್ದರೂ ಬಡಿತವುಂಟಾಗುವುದು. ಎಂಜಿನ್ನನ್ನು ನಿಲ್ಲಿಸಿ, ಆರಿದ ಮೇಲೆ ಬಾಗಿಲನ್ನು ತೆಗೆದು, ರಾಡಿನ ಕೆಳತುದಿಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿ ನೋಡಬೇಕು. ಪಿನ್ನಿನ ಉದ್ದಕ್ಕೆ ಪಕ್ಕಕ್ಕೆ ಸ್ವಲ್ಪ ಸರಿಯುವುದು ಸ್ವಾಭಾವಿಕವೇ. ಮೇಲೆ ಕೆಳಗೆ ಆಡುವುದು ಕೈಗೆ ತಿಳಿಯುವಂತಿದ್ದರೆ ಬೇರಿಂಗು ಸವೆದಿದೆಯೆಂದು ತಿಳಿಯಬೇಕು.

ಬಡಿತವನ್ನು ಕೇಳಿಯೂ, ‘ಈ ಮಡಿಯೊಂದಕ್ಕೆ ನೀರು ಹಾಯಿಸಿ ನಿಲ್ಲಿಸೋಣ’ ಎಂದು ನಡೆಯಿಸುವುದು ಬಹು ಅಪಾಯಕರವಾದುದು. ಬೋಲ್ಟು ಕಡಿದು ರಾಡು ಕಳಚಿಕೊಂಡರೆ ಅದು ಎಂಜಿನ್ನಿನ ಒಡಲನ್ನೇ ಒಡೆದುಕೊಂಡು ಹೊರಬರುವುದು. ಬೇರಿಂಗಿನ ಬೆಲೆಯಿಂದ ಮುಗಿಯುತ್ತಿದ್ದ ಖರ್ಚು ಎಂಜಿನ್ನಿನ ಬೆಲೆಗೇರುವುದು. ಹತ್ತಿರವಿದ್ದವರ ಪ್ರಾಣಕ್ಕೂ ಭಯವುಂಟು.

ಬಿಚ್ಚುವುದಕ್ಕೆ ಮೊದಲು

ಬೇರಿಂಗು ಕಾದು ಎಂಜಿನ್ನು ನಿಂತಾಗ ಆ ಕ್ಷಣವೇ ಬಾಗಿಲನ್ನು ತೆಗೆಯಕೂಡದು. ಒಳಗಿನ ಎಣ್ಣೆಯ ಆವಿಗೆ ಹೊಸಗಾಳಿಯು ಸೇರಿ, ಕೆಂಪಗೆ ಕಾದಿರುವ ಭಾಗದಿಂದ ಬೆಂಕಿ ಹತ್ತಿ ಸಿಡಿಯುವ ಸಂಭವವುಂಟು. ಚೆನ್ನಾಗಿ ಆರುವವರೆಗೆ ಕಾಯತಕ್ಕದ್ದು.

ಈ ಅವಕಾಶದಲ್ಲಿ ಕೆಲವು ವಿಷಯಗಳನ್ನು ಗುರುತು ಹಾಕಿಕೊಳ್ಳಬೇಕು. ಅಳತೆಯ ಕಡ್ಡಿಯಲ್ಲಿ ಎಣ್ಣೆಯು ಎಲ್ಲಿಯವರೆಗಿದೆ? ಕೊನೆಯ ಸಾರಿ ಎಣ್ಣೆ ಬದಲಾಯಿಸಿದ್ದು ಯಾವಾಗ? ಎಂಜಿನ್ನು ಸಮವಾಗಿ ನಿಂತಿದೆಯೇ, ಓರೆಯಾಗಿದೆಯೇ? ಅನಂತರ ತೊಟ್ಟಿಯ ಎಣ್ಣೆಯನ್ನು ಸ್ವಲ್ಪ ಗಾಜಿನ ಸೀಸೆಯಲ್ಲಿ ಹಿಡಿದು ಒಂದು ರಾತ್ರಿ ಅಲುಗಿಸದೆ ಇಡಬೇಕು. ಎಣ್ಣೆಯು ಮಜ್ಜಿಗೆಯಂತೆ ಬಿಳಿದಾಗಿದ್ದರೆ ನೀರು ಬೆರೆತಿದೆ. ನೀರಿನಂತೆ ತೆಳ್ಳಗಾಗಿ ಡೀಸೆಲಿನ ವಾಸನೆಯಿದ್ದರೆ, ಹಾಗೂ ಎಣ್ಣೆ ಹಾಕದೆಯೇ ಕಡ್ಡಿಯ ಮಟ್ಟವು ಏರಿದ್ದರೆ, ಇಂಧನವು ಸೋರಿ ಬೆರೆತಿದೆ. ತಳದಲ್ಲಿ ನಿಂತ ಚೂರುಗಳಿಗೆ ಅಯಸ್ಕಾಂತವನ್ನು ಹಿಡಿದರೆ ಅಂಟಿಕೊಳ್ಳುವುವು ಕಬ್ಬಿಣ ಅಥವಾ ಉಕ್ಕಿನವು. ಅಂಟದೆ ಬೆಳ್ಳಗೆ ಹೊಳೆಯುವುವು ಬೇರಿಂಗಿನ ಲೋಹದವು. ಬೆರಳಿಗೆ ಗರಗರನೆ ತಗಲುವುದು ಮರಳು.

ಬೇರಿಂಗನ್ನು ಬಿಚ್ಚುವಾಗ ಯಾವ ಅರ್ಧವು ಮೇಲಿನದು, ಯಾವುದು ಕೆಳಗಿನದು, ಯಾವ ಅಂಚು ಫ್ಲೈವೀಲಿನ ಕಡೆಗಿತ್ತು ಎಂಬುದನ್ನು ಗುರುತು ಮಾಡಿಕೊಳ್ಳತಕ್ಕದ್ದು. ನೋಡುವುದಕ್ಕೆ ಮುಂಚೆ ಮರಳು ಕಾಗದದಿಂದ ಉಜ್ಜುವುದನ್ನಾಗಲೀ ಸೀಮೆಎಣ್ಣೆಯಲ್ಲಿ ತೊಳೆಯುವುದನ್ನಾಗಲೀ ಮಾಡಕೂಡದು. ಗುರುತುಗಳನ್ನು ಅಳಿಸಿದ ಮೇಲೆ ಎಂಥ ನಿಪುಣನಿಗೂ ಕಾರಣವು ತಿಳಿಯಲಾರದು.

ಬೇರಿಂಗಿನ ಮೇಲಣ ಗುರುತುಗಳು

೧. ಸುತ್ತಿನ ದಿಕ್ಕಿನಲ್ಲಿ ಗೀರುಗಳೂ, ಲೋಹದಲ್ಲಿ ಹೂತುಕೊಂಡ ಕಣಗಳೂ ಇದ್ದರೆ, ಕೆಡಿಸಿದ್ದು ಕೊಳೆ. ಮುಚ್ಚಳವಿಲ್ಲದ ಡಬ್ಬಿಯ ಎಣ್ಣೆ, ಗಾಳಿಯ ಶೋಧಕವನ್ನು ತೆಗೆದಿಟ್ಟು ನಡೆಯಿಸುವುದು, ರಿಪೇರಿಯಾದ ಮೇಲೆ ತೊಟ್ಟಿಯನ್ನು ತೊಳೆಯದಿರುವುದು, ಇವುಗಳಿಂದ ಕೊಳೆಯು ಒಳಸೇರುವುದು.

೨. ಒಳಮುಖದಲ್ಲಿ ಒಂದೇ ಕಡೆ ಹೊಳೆಯುವ ಮಚ್ಚೆಯಿದ್ದು, ಹಿಂಬದಿಯಲ್ಲಿಯೂ ಅದೇ ಸ್ಥಳದಲ್ಲಿ ಗುರುತಿದ್ದರೆ, ಕೂರಿಸುವಾಗ ಬೇರಿಂಗಿನ ಹಿಂದೆ ಕಸವು ಸಿಕ್ಕಿಕೊಂಡಿತ್ತು.

೩. ಲೋಹವು ಒರಸಿದಂತೆ ಹರಡಿ, ಅಂಚಿಗೆ ಹರಿದು, ಪಿನ್ನು ನೀಲಿಯಾಗಿ ಅಥವಾ ಕಪ್ಪಾಗಿ ಸುಟ್ಟಿದ್ದರೆ, ಎಣ್ಣೆಯು ಮುಟ್ಟಲಿಲ್ಲ, ಇಲ್ಲವೆ ಪೊರೆ ಕಟ್ಟಲಾರದಷ್ಟು ತೆಳುವಾಗಿತ್ತು. ಬಹುಪಾಲು ತವರದಿಂದಾದ ಬಿಳಿಲೋಹವು ಸುಮಾರು ೨೪೦ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗತೊಡಗುವುದು. ಬೇರಿಂಗಿನ ಸಂದಿಯು ತೀರ ಬಿಗಿಯಾಗಿದ್ದರೂ ಇದೇ ಗುರುತು ಕಾಣುವುದು.

೪. ಮೇಲಿನ ಅರ್ಧದ ಒಂದು ಅಂಚಿನಲ್ಲಿಯೂ, ಕೆಳಗಿನ ಅರ್ಧದ ಎದುರು ಅಂಚಿನಲ್ಲಿಯೂ ಸವೆದಿದ್ದರೆ ರಾಡು ಬಾಗಿದೆ. ಎರಡು ಅರ್ಧಗಳಲ್ಲಿಯೂ ಒಂದೇ ಕಡೆಯ ಅಂಚು ಸವೆದಿದ್ದರೆ ಪಿನ್ನು ಒಂದು ಕಡೆಗೆ ದಪ್ಪವಾಗಿ ಮತ್ತೊಂದು ಕಡೆಗೆ ಸಣ್ಣಗಾಗಿದೆ. ಕೇವಲ ಕಟ್ಟಕಡೆಯ ಅಂಚು ಕಡಿದಂತಿದ್ದರೆ, ಲೇತಿನಲ್ಲಿ ಪಿನ್ನನ್ನು ಸಾಣೆಹಿಡಿದಾಗ ಮೂಲೆಯ ಗುಂಡು ಸರಿಯಾದ ಅಳತೆಯಲ್ಲಿಲ್ಲ.

೫. ಲೋಹವು ಒಣಗಿದ ಕೆರೆಯಂಗಳದಂತೆ ಬಿರುಕುಬಿಟ್ಟು, ಹೆಕ್ಕಳಿಕೆಗಳಾಗಿ ಎದ್ದಿದ್ದರೆ ಅದು ದಣಿವು. ಶಕ್ತಿಗೆ ಮೀರಿದ ಭಾರವು ಬಹುಕಾಲ ಬಿದ್ದಿದೆ. ಉರಿಯುವಿಕೆಯ ಏಟು ಬೀಳುವುದು ಮೇಲಿನ ಅರ್ಧದ ಮೇಲಾದುದರಿಂದ ಇದು ಸಾಮಾನ್ಯವಾಗಿ ಅಲ್ಲಿಯೇ ಕಾಣುವುದು. ಹಗಲು ಪಂಪನ್ನೂ ರಾತ್ರಿ ಆಲೆಮನೆಯ ಗಾಣವನ್ನೂ ಎಳೆಯುವ ಎಂಜಿನ್ನುಗಳಲ್ಲಿಯೂ, ಇಂಧನವು ಮುಂಚಿತವಾಗಿ ಚಿಮ್ಮುವ ಎಂಜಿನ್ನುಗಳಲ್ಲಿಯೂ ಇದನ್ನು ನಿರೀಕ್ಷಿಸಬಹುದು.

೬. ಬೇರಿಂಗಿನ ಹಿಂಬದಿಯು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ತನ್ನ ಸ್ಥಾನದಲ್ಲಿ ಅಲುಗಾಡುತ್ತಿತ್ತು. ಬೋಲ್ಟು ಸಡಿಲವಾಗಿರಬೇಕು, ಹಿಗ್ಗಿರಬೇಕು, ಇಲ್ಲವೆ ರಾಡಿನ ತೂತೇ ಕೆಟ್ಟಿರಬೇಕು.

೭. ಸಣ್ಣ ಸಣ್ಣ ಗುಳಿಗಳಾಗಿ, ಕಪ್ಪಗೆ ತಿಂದುಹೋದಂತಿದ್ದರೆ, ಬಹುಕಾಲ ಬದಲಾಯಿಸದ ಎಣ್ಣೆಯು ಹುಳಿಯಾಗಿ ಲೋಹವನ್ನು ಕೊರೆದಿದೆ. ಸೀಸ ಬೆರೆತ ತಾಮ್ರದ ಬೇರಿಂಗುಗಳಿಗೆ ಈ ಬಾಧೆಯು ಹೆಚ್ಚು.

ಒಂದು ಬೇರಿಂಗಿನಲ್ಲಿಯೇ ಎರಡು ಮೂರು ಗುರುತುಗಳು ಕೂಡಿರಬಹುದು. ಆಗ ಯಾವುದು ಮೊದಲಾಯಿತು, ಯಾವುದು ಅದರ ಫಲ ಎಂಬುದನ್ನು ವಿಚಾರಿಸಬೇಕು. ಸುಟ್ಟು ಹರಿದ ಲೋಹದ ಅಡಿಯಲ್ಲಿ ಆಳವಾದ ಗೀರುಗಳಿದ್ದರೆ, ಮೊದಲು ಬಂದುದು ಕೊಳೆ, ಅನಂತರ ಬಂದುದು ಕಾವು.

ಒಂದು ದೃಷ್ಟಾಂತ

ಹೇಮಾವತಿಯ ದಡದಲ್ಲಿ ಬೇಸಿಗೆಯ ಬತ್ತವನ್ನು ಬೆಳೆಯುವ ಬೇಸಾಯಗಾರರೊಬ್ಬರ ಎಂಜಿನ್ನಿನಲ್ಲಿ, ಒಂದೇ ಬೇಸಿಗೆಯಲ್ಲಿ ಎರಡು ಸಾರಿ ಬಿಗ್ ಎಂಡ್ ಬೇರಿಂಗು ಸುಟ್ಟುಹೋಯಿತು. ಮೇಸ್ತ್ರಿಯು ಕೀಳಾದ ಬೇರಿಂಗನ್ನು ಹಾಕಿದನೆಂದು ಯಜಮಾನರೂ, ಯಜಮಾನರು ಎಣ್ಣೆ ಹಾಕುವುದಿಲ್ಲವೆಂದು ಮೇಸ್ತ್ರಿಯೂ ವಾದಿಸಿ, ಮಾತು ಪಂಚಾಯಿತಿಯವರೆಗೆ ಹೋಗಿತ್ತು. ಪೈರು ಬಾಡುತ್ತಿತ್ತು. ನಾನು ಹೋದಾಗ ಸುಟ್ಟ ಎರಡು ಜೊತೆ ಬೇರಿಂಗುಗಳೂ ಪುಣ್ಯವಶಾತ್ ಮನೆಯಲ್ಲಿಯೇ ಇದ್ದುವು.

ಎರಡರಲ್ಲಿಯೂ ಗುರುತು ಒಂದೇ ಆಗಿತ್ತು. ಲೋಹವು ಅಗಲಕ್ಕೆಲ್ಲಾ ಒರಸಿಹೋಗಿ ಅಂಚಿಗೆ ಹರಿದಿತ್ತು. ಗೀರುಗಳಿಲ್ಲದುದರಿಂದ ಕೊಳೆಯ ಮಾತಿಲ್ಲ. ಸವೆತವು ಓರೆಯಾಗಿಲ್ಲದುದರಿಂದ ರಾಡು ಬಾಗಿಲ್ಲ. ಹಿಂಬದಿಯು ಮಂಕಾಗಿದ್ದುದರಿಂದ ಮೇಸ್ತ್ರಿಯು ಅದನ್ನು ಭದ್ರವಾಗಿಯೇ ಕೂರಿಸಿದ್ದನು. ಪಿನ್ನಿನ ಅಳತೆಯೂ ಸಂದಿಯ ಅಳತೆಯೂ ಸರಿಯಾಗಿದ್ದುವು. ಉಳಿದುದು ಎಣ್ಣೆಯ ಅಭಾವವೊಂದೇ. ಆದರೆ ತೊಟ್ಟಿಯ ಎಣ್ಣೆಯು ಶುದ್ಧವಾಗಿತ್ತು, ಕಡ್ಡಿಯಲ್ಲಿ ಮಟ್ಟವು ಪೂರ್ತಿಯಾಗಿತ್ತು. ಎಣ್ಣೆಯಿದ್ದೂ ಬೇರಿಂಗು ಎಣ್ಣೆಯಿಲ್ಲದೆ ಸುಟ್ಟದ್ದು ಹೇಗೆ?

ಎಂಜಿನ್ನು ನಿಂತ ಸ್ಥಳವನ್ನು ನೋಡಲು ಸಂದೇಹವು ಪರಿಹಾರವಾಯಿತು. ಪಂಪು ನೀರನ್ನು ಹೀರುವ ಎತ್ತರಕ್ಕೆ ಒಂದು ಮಿತಿಯುಂಟು. ಶಾಸ್ತ್ರಪ್ರಕಾರ ಸುಮಾರು ೧೦ ಮೀಟರಾದರೂ ಬಳಕೆಯಲ್ಲಿ ೬–೭ ಮೀಟರಿಗೆ ಮೀರಲಾಗದು. ಮಾಘಮಾಸದವರೆಗೆ ಎಂಜಿನ್ನು ಮೇಲಿನ ಸಮನೆಲದಲ್ಲಿದ್ದು ಚೆನ್ನಾಗಿಯೇ ನಡೆದಿತ್ತು. ಫಾಲ್ಗುಣದಲ್ಲಿ ಹೊಳೆಯು ಇಳಿದಾಗ ಅದನ್ನು ದಡದ ಇಳಿಜಾರಿಗೆ ಇಳಿಸಿದ್ದರು. ಮಟ್ಟಗೋಲನ್ನಿಟ್ಟು ನೋಡಿದರೆ ಅಡಿಗೆ ಒಂದೂವರೆ ಅಂಗುಲದ ಓರೆಯಿತ್ತು. ಈ ಎಂಜಿನ್ನಿನಲ್ಲಿ ಎಣ್ಣೆಯನ್ನು ಪಂಪು ತಳ್ಳುವುದಿಲ್ಲ. ಕ್ಯಾಪಿನ ತುದಿಯಲ್ಲಿರುವ ಚಿಕ್ಕ ಸೌಟು ಪ್ರತಿ ಸುತ್ತಿಗೂ ತೊಟ್ಟಿಯ ಎಣ್ಣೆಯಲ್ಲಿ ಮುಳುಗಿ, ಬೇರಿಂಗಿಗೆ ಎಣ್ಣೆಯನ್ನು ಒದಗಿಸುವುದು. ಅಳತೆಯ ಕಡ್ಡಿಯು ಇಳಿಜಾರಿನ ಕೆಳಬದಿಗೂ, ಸೌಟು ಮೇಲ್ಬದಿಗೂ ಬಂದಿದ್ದುವು. ಎಣ್ಣೆಯೆಲ್ಲವೂ ಕೆಳಬದಿಗೆ ಸರಿದು ನಿಂತುದರಿಂದ, ಸ್ವಲ್ಪ ಎಣ್ಣೆಗೇ ಕಡ್ಡಿಯು ಪೂರ್ಣವೆಂದು ತೋರಿಸುತ್ತಿತ್ತು. ಕೈಯಿಂದ ಫ್ಲೈವೀಲನ್ನು ನಾಲ್ಕಾರು ಸುತ್ತು ತಿರುಗಿಸಿ ಸೌಟಿನ ತುದಿಯನ್ನು ಬೆರಳಿನಿಂದ ಮುಟ್ಟಿದೆವು. ಅದು ಒಣಗಿತ್ತು.

ಯಜಮಾನರು ಸುಳ್ಳು ಹೇಳಿರಲಿಲ್ಲ, ಮೇಸ್ತ್ರಿಯೂ ಕಳಪೆ ಕೆಲಸ ಮಾಡಿರಲಿಲ್ಲ. ದಡವನ್ನು ಕಡಿದು ನೆಲವನ್ನು ಸಮಮಾಡಿ, ಕಲ್ಲು ಕೂರಿಸಿ, ಎಂಜಿನ್ನನ್ನು ಮಟ್ಟವಾಗಿ ನಿಲ್ಲಿಸಿ, ಕೊರತೆಯಾದ ಎಣ್ಣೆಯನ್ನು ತುಂಬಿ ತಿರುಗಿಸಿದಾಗ ಸೌಟು ಒದ್ದೆಯಾಯಿತು. ಪಿನ್ನಿಗೆ ಹತ್ತಿದ್ದ ಲೋಹವನ್ನು ತೆಗೆಯಿಸಿ, ಪುನಃ ಅಳೆದು, ಹೊಸ ಬೇರಿಂಗನ್ನು ಹಾಕಲಾಯಿತು. ಕೊಯ್ಲಿನವರೆಗೆ ಎಂಜಿನ್ನು ನಿರಾತಂಕವಾಗಿ ನಡೆಯಿತು. ಎಣ್ಣೆಯನ್ನು ಪಂಪಿನಿಂದ ತಳ್ಳುವ ಎಂಜಿನ್ನುಗಳಿಗೂ ಈ ಎಚ್ಚರಿಕೆಯು ಸಲ್ಲುವುದು. ಓರೆ ಹೆಚ್ಚಾದರೆ ತೊಟ್ಟಿಯೊಳಗಿನ ಜಾಲರಿಯು ಎಣ್ಣೆಯಿಂದ ಮೇಲೆದ್ದು ಗಾಳಿಯನ್ನು ಹೀರುವುದು.

ಹೊಸ ಬೇರಿಂಗನ್ನು ಹಾಕುವಾಗ

ಮೊದಲನೆಯದಾಗಿ, ಪಿನ್ನನ್ನು ಎರಡು ತುದಿಗಳಲ್ಲಿಯೂ ನಡುವೆಯೂ, ಒಂದೊಂದು ಕಡೆ ಎರಡು ದಿಕ್ಕುಗಳಲ್ಲಿಯೂ ಮೈಕ್ರೋಮೀಟರಿನಿಂದ ಅಳೆಯಿಸಬೇಕು. ಮೊಟ್ಟೆಯಾಕಾರಕ್ಕೆ ಸವೆದ ಪಿನ್ನಿನ ಮೇಲೆ ಹೊಸ ಬೇರಿಂಗು ಬಾಳಲಾರದು. ಸಂದಿಯು ಸಾಮಾನ್ಯವಾಗಿ ಪಿನ್ನಿನ ಅಡ್ಡಳತೆಯ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿರುವುದು. ಎಂದರೆ ೫೦ ಮಿಲಿಮೀಟರು ಪಿನ್ನಿಗೆ ಸುಮಾರು ೦.೦೫ ಮಿಲಿಮೀಟರು. ಆದರೆ ಎಂಜಿನ್ನಿನೊಡನೆ ಬಂದ ಪುಸ್ತಕದಲ್ಲಿ ಹೇಳಿರುವ ಅಳತೆಯೇ ಪ್ರಮಾಣ.

ಎರಡನೆಯದಾಗಿ, ಬಡಿತವನ್ನಡಗಿಸುವುದಕ್ಕೋಸ್ಕರ ಬೇರಿಂಗಿನ ಹಿಂದೆ ಕಾಗದವನ್ನಾಗಲೀ ತಗಡಿನ ಚೂರನ್ನಾಗಲೀ ಇಡುವುದೂ, ಕ್ಯಾಪನ್ನು ಅರದಿಂದ ಉಜ್ಜುವುದೂ ನಮ್ಮಲ್ಲಿ ರೂಢಿಯಾಗಿವೆ. ಇವೆರಡೂ ಕೂಡದು. ಕಾಗದವು ಕಾವು ರಾಡಿಗೆ ಇಳಿದುಹೋಗದಂತೆ ತಡೆಯುವುದು. ಕ್ಯಾಪನ್ನು ಉಜ್ಜಿದರೆ ದುಂಡಾದ ತೂತು ಅಂಡಾಕಾರವಾಗುವುದು.

ಮೂರನೆಯದಾಗಿ, ತೊಟ್ಟಿಯನ್ನೂ ಎಣ್ಣೆಯ ದಾರಿಗಳನ್ನೂ ಪೂರ್ತಿಯಾಗಿ ಶುದ್ಧಮಾಡಿ ಹೊಸ ಎಣ್ಣೆಯನ್ನು ತುಂಬತಕ್ಕದ್ದು. ಕೆಟ್ಟ ಬೇರಿಂಗಿನ ಚೂರುಗಳು ಹೊಸದಕ್ಕೆ ವಿಷವಿದ್ದಂತೆ. ಕ್ಯಾಪನ್ನು ಮೊದಲಿದ್ದ ದಿಕ್ಕಿನಲ್ಲಿಯೇ ಕೂರಿಸಿ, ಹಿಗ್ಗಿದ ಬೋಲ್ಟುಗಳನ್ನು ತೆಗೆದು ಹೊಸವನ್ನು ಹಾಕಿ, ನಟ್ಟುಗಳನ್ನು ಸಮವಾಗಿ ಬಿಗಿದು, ಸ್ಪ್ಲಿಟ್ ಪಿನ್ನಿರುವ ಕಡೆ ಹೊಸ ಪಿನ್ನನ್ನೇ ಹಾಕಬೇಕು.

ನಾಲ್ಕನೆಯದಾಗಿ, ಭಾರವಿಲ್ಲದೆ ಐದು ನಿಮಿಷ ನಡೆಯಿಸಿ, ನಿಲ್ಲಿಸಿ, ಸ್ವಲ್ಪ ಕಾದು ಬಾಗಿಲು ತೆಗೆದು ಕೈಯಿಂದ ಮುಟ್ಟಿ ನೋಡತಕ್ಕದ್ದು. ಪುನಃ ಕಾಲು ಗಂಟೆ ನಡೆಯಿಸಿ ಹಾಗೆಯೇ ನೋಡತಕ್ಕದ್ದು. ರಾಡಿನ ಕೆಳತುದಿಯು ಇತರ ಭಾಗಗಳಿಗಿಂತ ಹೆಚ್ಚಾಗಿ ಕಾದಿರದಿದ್ದರೆ ಕ್ರಮಕ್ರಮವಾಗಿ ಭಾರವನ್ನು ಹೇರಬಹುದು.

ಮಹನೀಯರೇ, ಎಂಜಿನ್ನಿಗೆ ಬಾಯಿಲ್ಲವಾದರೂ ಕೆಟ್ಟ ಬೇರಿಂಗು ತನ್ನ ಕಥೆಯನ್ನು ತನ್ನ ಮೈಮೇಲೆಯೇ ಬರೆದಿಟ್ಟಿರುತ್ತದೆ. ಅದನ್ನು ಓದುವುದಕ್ಕೆ ಬೇಕಾದುದು ಬೆಳಕು, ತಾಳ್ಮೆ ಮತ್ತು ಕೆಲವು ಅಳತೆಗಳು. ಹಳೆಯ ಬೇರಿಂಗನ್ನು ಎಸೆಯಬೇಡಿರಿ. ದಿನಾಂಕವನ್ನೂ ನಡೆದ ಗಂಟೆಗಳನ್ನೂ ಬರೆದ ಚೀಟಿಯೊಡನೆ ಕಟ್ಟಿಡಿರಿ. ಕಾರಣವು ತಿಳಿಯದೆ ಹೊಸದನ್ನು ಹಾಕಬೇಡಿರಿ. ಮೇಸ್ತ್ರಿಯನ್ನು ದೂರುವ ಮೊದಲು ಮಟ್ಟಗೋಲನ್ನು ಇಟ್ಟು ನೋಡಿರಿ. ಹೊಳೆಯು ಇಳಿದಂತೆ ಎಂಜಿನ್ನನ್ನು ಇಳಿಸುವ ಕಾಲವು ಸಮೀಪಿಸುತ್ತಿದೆ. ಇಳಿಸಿದ ದಿವಸವೇ ನೆಲವನ್ನು ಸಮಮಾಡಿಸಿ, ಮಟ್ಟವನ್ನು ನೋಡಿ, ಎಣ್ಣೆಯನ್ನು ಅಳೆದ ಮೇಲೆಯೇ ಅದನ್ನು ನಡೆಯಿಸಬೇಕೆಂದು ತಮ್ಮೆಲ್ಲರಲ್ಲಿಯೂ ಪ್ರಾರ್ಥಿಸುತ್ತೇನೆ.